ಆವಣಿಯ ಪ್ರವಾಸಿಯೂ ಜಿಲ್ಲೆಯ ವರ್ತಕರೂ

ಬೆಂಗಳೂರಿನಿಂದ ಕೋಲಾರದ ಮಾರ್ಗವಾಗಿ ತಿರುಪತಿಯತ್ತ ಸಾಗುವ ವಾಹನಗಳು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ದೇವರಾಯಸಮುದ್ರವನ್ನು ಒಂದೆರಡು ನಿಮಿಷಗಳಲ್ಲಿ ದಾಟಿಬಿಡುತ್ತವೆ. ಈ ಸೀಮೆಯ ಬಂಡೆಗುಡ್ಡಗಳ ಮರೆಯಲ್ಲಿ, ಹೆದ್ದಾರಿಯಿಂದ ಕೆಲವೇ ಕಿಲೋಮೀಟರ್ ಒಳಗೆ, ಸಾವಿರ ವರ್ಷಕ್ಕೂ ಹಿಂದಿನ ಆವಣಿಯ ದೇವಾಲಯ ಸಮೂಹವಿದೆಯೆಂಬುದು ಅವುಗಳಲ್ಲಿ ಕುಳಿತ ಅನೇಕರಿಗೆ ತಿಳಿಯದು. ತಿಳಿದು ಬಂದವರಿಂದಲೂ ಸ್ಥಳೀಯ ವ್ಯಾಪಾರಕ್ಕೆ ಆಗಬೇಕಾದಷ್ಟು ಪ್ರಯೋಜನವಾಗುತ್ತಿಲ್ಲ. ಈ ನಷ್ಟಕ್ಕೆ ಸರ್ಕಾರವೊಂದನ್ನೇ ಹೊಣೆಯಾಗಿಸುವುದು ಸರಿಯಲ್ಲ.

ಆವಣಿಯ ಆಕರ್ಷಣೆ ಅದರ ನಿಗೂಢತೆಯಲ್ಲಿದೆ. ಒಂದೇ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ದೇಗುಲಗಳು. ಹಿಂದೆ ಬೃಹತ್ತಾದ ಬೆಟ್ಟ, ಅದರ ಮೇಲೆ ಸೀತೆಯ ಗುಡಿ. ವಾಲ್ಮೀಕಿಯ ಆಶ್ರಮ ಇಲ್ಲಿಯೇ ಇತ್ತು, ಲವಕುಶರು ಇಲ್ಲಿಯೇ ಜನಿಸಿದರು ಎಂಬುದು ಜನರ ನಂಬಿಕೆ. ಇತಿಹಾಸ ಹೇಳುವ ಕಥೆಯೂ ಇದಕ್ಕಿಂತ ಕಡಿಮೆ ಸ್ವಾರಸ್ಯದ್ದಲ್ಲ. ಇವು ನೊಳಂಬರ ಕಾಲದ ಕಟ್ಟಡಗಳು. ತ್ರಿಭುವನಕರ್ತನೆಂಬ ಶೈವ ಯತಿಯು ನಲವತ್ತು ವರ್ಷ ಆವಣಿಯ ಸ್ಥಾನವನ್ನಾಳಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಹತ್ತನೆಯ ಶತಮಾನದ ಶಾಸನ ತಿಳಿಸುತ್ತದೆ. ದೇಗುಲದ ಜೊತೆಗೆ ನೀರಿನ ಏರ್ಪಾಡೂ ಬೇಕೆಂಬುದು ಆ ವಿರಾಗಿಗೆ ತಿಳಿದಿತ್ತು. ಲಾಭನಷ್ಟದ ಲೆಕ್ಕ ಬಲ್ಲವರಿಗೆ ತಿಳಿಯದಿರುವುದು ಸೋಜಿಗ.

ಪ್ರವಾಸಿ ಕೇಳುವುದಾದರೂ ಏನು? ಬೆಟ್ಟ ಹತ್ತಿ ಇಳಿದವನಿಗೆ ಕುಡಿಯುವ ನೀರು, ಹೆಣ್ಣುಮಕ್ಕಳು ಹಿಂಜರಿಯದೆ ಬಳಸಬಹುದಾದ ಶೌಚಾಲಯ, ಕೂರಲು ನೆರಳು, ಬಿಸಿ ಊಟ, ಪುರಾಣ ಯಾವುದು ಶಾಸನ ಯಾವುದು ಎಂದು ಬಿಡಿಸಿ ಹೇಳಬಲ್ಲ ಒಬ್ಬ ಮಾರ್ಗದರ್ಶಿ. ಇವಿದ್ದಲ್ಲಿ ಅರ್ಧ ಗಂಟೆಯಲ್ಲಿ ಹೊರಡುವವನು ಅರ್ಧ ದಿನ ನಿಲ್ಲುತ್ತಾನೆ, ನಿಂತವನು ಕೊಳ್ಳುತ್ತಾನೆ. ಮುಳಬಾಗಿಲು ದೋಸೆಯ ಹೆಸರು ಹೇಳಿಕೊಂಡು ಬೆಂಗಳೂರಿನಲ್ಲಿ ಹೋಟೆಲುಗಳು ನಡೆಯುತ್ತಿರುವಾಗ, ಆ ದೋಸೆಯ ತವರಿನಲ್ಲಿಯೇ ಪ್ರವಾಸಿಯು ಬಿಸ್ಕತ್ತಿನ ಪೊಟ್ಟಣಕ್ಕೆ ತೃಪ್ತನಾಗಬೇಕೇ? ಶ್ರೀನಿವಾಸಪುರದ ಮಾವಿನ ಉಪ್ಪಿನಕಾಯಿ, ಹಪ್ಪಳ, ಮಾಲೂರಿನ ಮಣ್ಣಿನ ಸಾಮಾನುಗಳಿಗೆ ಇದಕ್ಕಿಂತ ಸಮೀಪದ ಮಾರುಕಟ್ಟೆ ಯಾವುದು? ಆವಣಿಯೊಂದಿಗೆ ಕುರುಡುಮಲೆ, ವಿರೂಪಾಕ್ಷಿ, ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳನ್ನು ಸೇರಿಸಿದರೆ ಒಂದು ರಾತ್ರಿಯ ತಂಗುವಿಕೆಗೆ ಸಾಲುವಷ್ಟು ನೋಟ ಜಿಲ್ಲೆಯಲ್ಲಿದೆ.

ಆದರೆ ಉತ್ಸಾಹದಲ್ಲಿ ಪ್ರಾಕಾರದ ಗೋಡೆಗೇ ಅಂಗಡಿ ಹಚ್ಚುವವರಿಗೆ ಒಂದು ಎಚ್ಚರಿಕೆ ಅಗತ್ಯ. ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ನೂರು ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡವಿಲ್ಲ, ನಿಯಂತ್ರಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಹಂಪಿಯ ನಿದರ್ಶನ ಕಣ್ಣಮುಂದಿದೆ. 2011ರಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರು ತೆರವಾಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬೆನ್ನಲ್ಲೇ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ವರ್ಷಗಟ್ಟಲೆ ದುಡಿದು ಹೂಡಿದ ಬಂಡವಾಳ ಅಲ್ಲಿ ಕೆಲವೇ ದಿನಗಳಲ್ಲಿ ಮಣ್ಣುಪಾಲಾಯಿತು. ಆದುದರಿಂದ ಮಳಿಗೆ, ಉಪಾಹಾರ ಗೃಹ, ವಾಹನ ನಿಲುಗಡೆ ಎಲ್ಲವೂ ಮುನ್ನೂರು ಮೀಟರಿನಾಚೆಗೆ, ಸಾಧ್ಯವಾದರೆ ಹೆದ್ದಾರಿಗೆ ಸಮೀಪವಾಗಿ ದೇವರಾಯಸಮುದ್ರದ ಕಡೆಯಲ್ಲಿಯೇ ಏಳುವುದು ಲೇಸು. ಹಾದುಹೋಗುವವರಿಗೂ ಆಗ ಆವಣಿಯ ಸುಳಿವು ಸಿಕ್ಕೀತು.

ಬಂಡವಾಳ ಎಲ್ಲಿಂದ ಎಂಬ ಪ್ರಶ್ನೆ ಸಹಜ. 2013ರ ಕಂಪನಿಗಳ ಕಾಯಿದೆಯು ಪಾರಂಪರಿಕ ತಾಣಗಳ ರಕ್ಷಣೆಯನ್ನು ಸಾಮಾಜಿಕ ಹೊಣೆಗಾರಿಕೆಯ ಬಾಬತ್ತುಗಳಲ್ಲಿ ಸೇರಿಸಿದೆ. ಸ್ಮಾರಕಗಳಲ್ಲಿ ಸೌಕರ್ಯ ಕಲ್ಪಿಸಲು ಖಾಸಗಿ ಸಂಸ್ಥೆಗಳಿಗೆ ಅವಕಾಶ ನೀಡುವ ದತ್ತು ಯೋಜನೆಯನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯು 2023ರಲ್ಲಿ ಪರಿಷ್ಕರಿಸಿದೆ. ನರಸಾಪುರ, ವೇಮಗಲ್‌ಗಳ ದೊಡ್ಡ ಕಾರ್ಖಾನೆಗಳ ಬಾಗಿಲನ್ನು ಈ ಕೋರಿಕೆಯೊಂದಿಗೆ ತಟ್ಟಬೇಕಾದವರು ಸ್ಥಳೀಯ ವರ್ತಕ ಸಂಘಗಳೇ. ಒಬ್ಬೊಬ್ಬ ಅಂಗಡಿಕಾರನ ಅರ್ಜಿಗೆ ಸಿಗದ ಉತ್ತರ ಸಂಘದ ಪತ್ರಕ್ಕೆ ಸಿಗಬಹುದು.

ಶಿವರಾತ್ರಿಯ ವೇಳೆಗೆ ಆವಣಿಯಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ರಾಸುಗಳ ವ್ಯಾಪಾರಕ್ಕೆ ದೂರದೂರದ ರೈತರು ಬರುವ ಆ ದಿನಗಳಲ್ಲಿ ವರ್ತಕರು ಕೂಡಿ ಒಂದು ತಾತ್ಕಾಲಿಕ ಮಳಿಗೆ ಸಾಲನ್ನು, ಒಂದು ಮಾಹಿತಿ ಕೇಂದ್ರವನ್ನು ನಡೆಸಿ ನೋಡಲು ಹೆಚ್ಚಿನ ಬಂಡವಾಳವೇನೂ ಬೇಕಿಲ್ಲ. ಯಾವ ಸರಕು ಹೋಯಿತು, ಯಾವುದು ಉಳಿಯಿತು ಎಂಬ ಲೆಕ್ಕ ಜಾತ್ರೆ ಮುಗಿಯುವಷ್ಟರಲ್ಲಿ ಕೈಗೆ ಬಂದಿರುತ್ತದೆ.