ಅತ್ತೆಗೂ ಕಾಣೆಕ್ಕಾರೆ ಕಮ್ಮಿ ಪವರೇ ಒಳ್ಳೆದು

ಮೊನ್ನೆ ಮೂಡಬಿದ್ರೆಂದ ತಂಗೆ ಫೋನು ಮಾಡಿತ್ತು. ಮಗಂಗೆ ಟೆಲಿಸ್ಕೋಪು ತೆಗೆತ್ತಡ. "ಅಕ್ಕಾ, ಜಾಸ್ತಿ ಪವರಿಂದು ಯಾವುದು?" ಹೇಳಿ ಕೇಳಿತ್ತು. "ಕಮ್ಮಿ ಪವರಿಂದು ಯಾವುದು ಹೇಳಿ ಕೇಳು" ಹೇಳಿದೆ ಆನು. ಅದು ನೆಗೆಮಾಡಿತ್ತು. ನಿಂಗಳೂ ನೆಗೆಮಾಡುಗು. ಆದರೆ ಎಂಗೊ ಪೈಸೆ ಕೊಟ್ಟು ಕಲ್ತ ಪಾಠ ಇದು.

ಬಂಟ್ವಾಳದ ಎಂಗಳ ಮನೆಗೆ ಮಾಣಿ ತರುಸಿದ್ದು ಕನ್ನಡಿಯ ಟೆಲಿಸ್ಕೋಪು. ಕನ್ನಡಿಯ ಅಗಲ 114 ಮಿ.ಮೀ., ನಾಭಿದೂರ 900 ಮಿ.ಮೀ. ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರಲ್ಲಿ '675 ಪಟ್ಟು' ಹೇಳಿ ಇತ್ತು. ಅದರ ಲೆಕ್ಕ ಹೀಂಗೆ: ನಾಭಿದೂರವ ಐಪೀಸಿನ ಅಳತೆಲಿ ಭಾಗಿಸೆಕ್ಕು. ಒಟ್ಟಿಂಗೆ ಬಂದ ಐಪೀಸು 4 ಮಿ.ಮೀ.ದು, ಹಾಂಗಾಗಿ 225 ಪಟ್ಟು. ಮೂರು ಪಟ್ಟು ಮಾಡ್ತ ಬಾರ್ಲೊ ಮಸೂರ ಸೇರಿಸಿರೆ 675.

ಇರುಳು ಜಾಲಿಲ್ಲಿ, ಒಣಗುಲೆ ಹಾಕಿದ ಅಡಕ್ಕೆಯ ಕರೆಲಿ ಮಡುಗಿ, ಅರ್ಧ ಗಂಟೆ ಹುಡ್ಕಿ ಗುರುಗ್ರಹವ ಹಿಡುದೆಯೊ°. ಅತ್ತೆಯ ದಿನಿಗೇಳಿದೆ. ಅವಕ್ಕೆ ಕಾಲಿನ ಗೆಂಟು ಬೇನೆ. ಮೆಟ್ಲು ಇಳುದು ಬಪ್ಪಗ ಗುರು ಜಾರಿ ಆಯಿದು! ಭೂಮಿ ತಿರುಗುತ್ತ ಕಾರಣ ಆಕಾಶ 4 ನಿಮಿಷಲ್ಲಿ ಒಂದು ಡಿಗ್ರಿ ಜಾರುತ್ತು. 225 ಪಟ್ಟಿಲಿ ಕಾಂಬದು ಡಿಗ್ರಿಯ ಐದರಲ್ಲಿ ಒಂದು ಪಾಲು; ಒಂದು ನಿಮಿಷವೂ ನಿಲ್ಲುತ್ತಿಲ್ಲೆ. ಕಣ್ಣಿನ ಮಸೂರಕ್ಕೆ ತಾಗುಸೆಕ್ಕು, ಕನ್ನಡ್ಕ ಹಾಕುಲೆಡಿಯ. ಮೂರು ಇರುಳು ಹೀಂಗೇ ಆತು. ಮಾಣಿ ಅದರ ಅಟ್ಟಕ್ಕೆ ಹಾಕಿದ°. "ಸಿಕ್ಕಿದ ರೇಟಿಂಗೆ ಮಾರುವ°" ಹೇಳಿದವು ಇವು.

ಮಾರುವ ಮದಲು 32 ಮಿ.ಮೀ.ಯ ಪ್ಲಾಸಲ್ ಐಪೀಸು ಒಂದು ತರುಸಿದೆಯೊ°. ಪವರು 28 ಪಟ್ಟು ಮಾಂತ್ರ. ಆದರೆ ಕಾಂಬ ಆಕಾಶ ಒಂದೂಮುಕ್ಕಾಲು ಡಿಗ್ರಿ, ಮೂರು ಹುಣ್ಣಮೆ ಚಂದ್ರ ಸಾಲಿಲ್ಲಿ ಕೂಪಷ್ಟು. ಗುರು ಏಳು ನಿಮಿಷ ನಿಂದ°. ಅತ್ತೆ ಕನ್ನಡ್ಕ ತೆಗೆಯದ್ದೇ ನೋಡಿದವು. "ಇದೆಂತರ, ಕರೆಲಿ ನಾಲ್ಕು ಸಾಸಮೆ ಕಾಳು?" ಹೇಳಿ ಕೇಳಿದವು. ಅದು ಗುರುವಿನ ಚಂದ್ರಂಗೊ. 1610ರಲ್ಲಿ ಗೆಲಿಲಿಯೋ ಅವರ ಕಂಡದೂ ಸುಮಾರು 20 ಪಟ್ಟಿನ ಕೊಳವೆಲೇ.

ಬೆಳ್ತಂಗಡಿಯ ಅತ್ತಿಗೆ ಮನೆಲಿ ಕಸ್ತಲೆ ಹೆಚ್ಚು. ಅಲ್ಲಿಗೆ ತೆಕ್ಕೊಂಡು ಹೋದಿಪ್ಪಗ ಕೃತ್ತಿಕೆಯ ಗೊಂಚಲು ಪೂರ ಒಂದೇ ಸರ್ತಿ ಕಂಡತ್ತು.

ಹಾಂಗೆ ಹೇಳಿ ಪವರು ಕಮ್ಮಿ ಆದಷ್ಟೂ ಒಳ್ಳೆದು ಹೇಳಿ ಅಲ್ಲ. ಕನ್ನಡಿಯ ಅಗಲವ ಪವರಿಲ್ಲಿ ಭಾಗಿಸಿರೆ ಹೆರ ಬಪ್ಪ ಬೆಣಚ್ಚಿನ ಅಗಲ ಸಿಕ್ಕುತ್ತು. ಎಂಗಳದ್ದು 4 ಮಿ.ಮೀ. ಐವತ್ತು ಕಳುದವರ ಕಣ್ಣಪಾಪೆ ಕಸ್ತಲೆಲಿ ಸುಮಾರು 5 ಮಿ.ಮೀ. ಅರಳುಗು, ಜವ್ವನಿಗರದ್ದು 7. ಪಾಪೆಂದ ಹೆಚ್ಚಾದ ಬೆಣಚ್ಚು ವ್ಯರ್ಥ. ಕನ್ನಡಿಯ ಟೆಲಿಸ್ಕೋಪಿಲಿ ಪವರು ತೀರಾ ಕಮ್ಮಿ ಆದರೆ, ಒಳ ಇಪ್ಪ ಸಣ್ಣ ಕನ್ನಡಿಯ ನೆರಳು ಕಪ್ಪು ಬೊಟ್ಟಿನ ಹಾಂಗೆ ನಡುಕೆ ಕಾಂಗು. ಒಂದೂಕಾಲು ಇಂಚಿನ ಕೊಳವೆಗೆ 40 ಮಿ.ಮೀ.ದು ಹಾಕಿರೂ 32ರಿಂದ ಹೆಚ್ಚು ಆಕಾಶ ಕಾಣ್ತಿಲ್ಲೆ.

ಚಂದ್ರನ ಗುಂಡಿಗೊಕ್ಕೆ, ಶನಿಯ ಬಳೆಗೆ 10 ಮಿ.ಮೀ.ದು ಇರಲಿ. ಆದರೆ ಮದಾಲು ಕಮ್ಮಿ ಪವರಿಂದು. ಮನೆಲಿ ಒಬ್ಬಂಗೆ ಮಾಂತ್ರ ಕಂಡರೆ ಅದು ಅಟ್ಟಕ್ಕೆ ಹೋಕು. ಎಲ್ಲೋರಿಂಗೂ ಕಂಡರೆ ಜಾಲಿಲ್ಲಿ ಒಳಿಗು.