ಗೋಡೆಗಿರುವ ಕಾನೂನು ಮನೆಯವರಿಗಿಲ್ಲ

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಮಣ್ಣಿನ ಗೋಡೆಗೆ ಈಗ ಎಲ್ಲಿಲ್ಲದ ಬೆಲೆ. ಊರ ನಡುವಿನ ಬಾರಿಯೋ ವಿಯೇಹೊ ಎಂಬ ಹಳೇ ಕೇರಿಗೆ ಹಾಲಿವುಡ್ಡಿನವರೂ ಮನೆ ಹುಡುಕಿಕೊಂಡು ಬಂದರು. ನಟಿ ಡಯಾನ್ ಕೀಟನ್ ಇಲ್ಲೊಂದು ಮನೆ ಕೊಂಡು, ದುರಸ್ತಿ ಮಾಡಿಸಿ, 20 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಮಾರಾಟಕ್ಕಿಟ್ಟಿದ್ದರು. ಇಂಥವೇ ಹಸಿ ಇಟ್ಟಿಗೆಯ ಮನೆಗಳಲ್ಲಿ ಮೆಕ್ಸಿಕನ್ ಕುಟುಂಬಗಳು ಬಾಳುತ್ತಿದ್ದಾಗ ನಗರಾಡಳಿತ ಆ ಜಾಗವನ್ನು ಕೊಳೆಗೇರಿ ಎಂದಿತ್ತು.

1966ರ ಮಾರ್ಚ್ 1ರಂದು ಟೂಸಾನ್ ಮತದಾರರು ಪ್ಯೂಬ್ಲೊ ಸೆಂಟರ್ ನವೀಕರಣ ಯೋಜನೆಗೆ ಒಪ್ಪಿಗೆ ಕೊಟ್ಟರು. ಅದಕ್ಕಾಗಿ ಆರಿಸಿದ್ದು ಈ ಹಳೇ ಕೇರಿಯ ಭಾಗವೇ ಆಗಿದ್ದ, ಇಡೀ ರಾಜ್ಯದಲ್ಲೇ ಅತ್ಯಂತ ಜನನಿಬಿಡವಾಗಿದ್ದ 80 ಎಕರೆ. ಮೆಕ್ಸಿಕನ್ ಅಮೆರಿಕನ್ನರ ಮನೆ, ಚೀನೀಯರ ದಿನಸಿ ಅಂಗಡಿ, ಕರಿಯರ ವಠಾರ, ಬಹುತೇಕ ಎಲ್ಲವೂ ನೆಲಸಮವಾದವು. 1971ರಲ್ಲಿ ಆ ಜಾಗದಲ್ಲಿ ಸಮಾವೇಶ ಭವನದ ಬಾಗಿಲು ತೆರೆಯಿತು. ಇತಿಹಾಸಕಾರ ಲಿಡಿಯಾ ಒಟೆರೊ ಅವರ ‘ಲಾ ಕಾಯೆ’ (2010) ಈ ಧ್ವಂಸದ ಕಥೆಯನ್ನು ದಾಖಲಿಸಿದ ಪುಸ್ತಕ.

ಈ ಧ್ವಂಸವನ್ನು ವಿರೋಧಿಸಿದ ಆಲ್ವಾ ಟೊರೆಸ್ ಮತ್ತು ಸಂಗಡಿಗರ ಹೋರಾಟದ ನಂತರ ಉಳಿದ ಒಂದು ಮನೆಯನ್ನೇ ನೋಡಿ. ಸೋಸಾ ಕುಟುಂಬದ ಜಾಗ. ಆಮೇಲೆ ಕರಿಯೊ ಕುಟುಂಬದ ಮನೆ. ದುರಸ್ತಿ ಮುಗಿದ ಮೇಲೆ ಅದಕ್ಕೆ ಅಂಟಿದ್ದು ಅರಿಜೋನಾದ ಒಂದು ಕಾಲದ ಗವರ್ನರ್ ಜಾನ್ ಫ್ರೀಮಾಂಟ್ ಹೆಸರು. ಅವರು ಬಾಡಿಗೆಗೆ ಹಿಡಿದಿದ್ದರೆಂಬುದಷ್ಟೇ ನೆಪ; ವಾಸವಿದ್ದದ್ದೇ ಅನುಮಾನ. ತಲೆಮಾರುಗಳ ಕಾಲ ಒಲೆ ಹಚ್ಚಿದವರ ಹೆಸರು ಫಲಕಕ್ಕೆ ಮರಳಲು ವರ್ಷಗಳೇ ಬೇಕಾದವು. ಇದು ಅವಮಾನವಲ್ಲದೆ ಮತ್ತೇನು?

ಕೇರಿಯ ಉಳಿದ ಭಾಗ ತಾನಾಗಿ ಉಳಿಯಲಿಲ್ಲ. ಹೆದ್ದಾರಿಯೊಂದು ಅದರ ಮೇಲೆ ಹಾದುಹೋಗುವುದರಲ್ಲಿತ್ತು. ಜನ ಮೊಂಬತ್ತಿ ಹಚ್ಚಿ ಹರಕೆ ಹೊರುವ ಎಲ್ ತಿರಾದಿತೊ ಎಂಬ ಪುಟ್ಟ ಗುಡಿಯನ್ನು 1971ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿ ನಿವಾಸಿಗಳೇ ಆ ಹೆದ್ದಾರಿಯನ್ನು ತಡೆದರು. ಇಂದಿನ ದಲ್ಲಾಳಿಗಳು ಮಾರುತ್ತಿರುವ ‘ಪರಂಪರೆ’ ಆ ಬಡವರು ಕಾಪಾಡಿಕೊಟ್ಟದ್ದು.

ಹೊಸ ಮಾಲೀಕರ ಪರವಾಗಿ ಒಂದು ವಾದವಿದೆ, ಅದು ಸುಳ್ಳೂ ಅಲ್ಲ. ಹಸಿ ಇಟ್ಟಿಗೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಕರಗುತ್ತದೆ; ಸುಣ್ಣದ ಗಾರೆ, ಸಗ್ವಾರೊ ಕಳ್ಳಿಯ ದೇಟುಗಳ ಮಾಳಿಗೆ, ಇವಕ್ಕೆಲ್ಲ ದುಡ್ಡು ಬೇಕು, ನುರಿತ ಕೈ ಬೇಕು. ದುಡ್ಡಿದ್ದವರು ಬಂದದ್ದರಿಂದ ಎಷ್ಟೋ ಮನೆಗಳು ಬೀಳದೆ ನಿಂತಿವೆ.

ಆದರೆ ಕಾನೂನು ಯಾರ ಕಡೆಗಿದೆ? ಸಂರಕ್ಷಣಾ ವಲಯದಲ್ಲಿ ಬೀದಿಗೆ ಕಾಣುವ ಕಿಟಕಿ ಬದಲಿಸಲೂ ಪರಿಶೀಲನೆ ಆಗಬೇಕು. ಮನೆಯೊಳಗಿನ ಬಾಡಿಗೆದಾರನನ್ನು ಬದಲಿಸಲು ಅಂಥ ಪರಿಶೀಲನೆ ಇಲ್ಲ. ಬಾಡಿಗೆಗೆ ಮಿತಿ ಹಾಕುವ ಅಧಿಕಾರವನ್ನು ಅರಿಜೋನಾ ಶಾಸನಸಭೆ ನಗರಗಳಿಂದ ಕಿತ್ತುಕೊಂಡಿದೆ. ಪ್ರವಾಸಿಗರಿಗೆ ದಿನಬಾಡಿಗೆಗೆ ಮನೆ ಕೊಡುವುದನ್ನು ನಗರಗಳು ನಿಷೇಧಿಸುವಂತಿಲ್ಲ ಎಂದು 2016ರಲ್ಲಿ ಕಾನೂನು ಮಾಡಿತು. ಐತಿಹಾಸಿಕ ಮನೆಯ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ದೊಡ್ಡ ರಿಯಾಯಿತಿಯಿದೆ; ಅವರ ಆದಾಯವೆಷ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹಣವಿಲ್ಲ ಎನ್ನುವಂತಿಲ್ಲ. 1999ರಲ್ಲಿ ಮತದಾರರು ಒಪ್ಪಿದ ರಿಯೊ ನ್ಯೂವೊ ಯೋಜನೆ ಮಾರಾಟ ತೆರಿಗೆಯ ಪಾಲನ್ನು ನಗರಕೇಂದ್ರಕ್ಕೆ ತರುತ್ತಿದೆ. ಟೂಸಾನಿನ ಹುಟ್ಟುನೆಲದಲ್ಲಿ ಹಳೆಯ ಮಿಷನ್ ಕಟ್ಟಡಗಳನ್ನು ಮತ್ತೆ ಕಟ್ಟುತ್ತೇವೆ ಎಂಬುದು ಆಗಿನ ಮಾತು. ಅದು ಕೈಗೂಡಲಿಲ್ಲ, ಕೇರಿಯನ್ನು ಕೆಡವಿ ಕಟ್ಟಿದ ಅದೇ ಸಮಾವೇಶ ಭವನದ ನವೀಕರಣಕ್ಕೆ ಹಣ ಹೋಯಿತು. ಈ ತೆರಿಗೆಯ ಅವಧಿ 2035ರವರೆಗೆ ಇದೆ. ಅಷ್ಟರೊಳಗೆ ಅದರ ಒಂದು ಪಾಲು ಕಡಿಮೆ ಬಾಡಿಗೆಯ ಮನೆಗಳಿಗೆ ಸಲ್ಲಬೇಕು, ಅವು ಇದೇ ಕೇರಿಯ ಪಕ್ಕದಲ್ಲೇ ಏಳಬೇಕು, 1960ರ ದಶಕದಲ್ಲಿ ಒಕ್ಕಲೆಬ್ಬಿಸಲ್ಪಟ್ಟವರ ಮಕ್ಕಳು ಮೊಮ್ಮಕ್ಕಳಿಗೆ ಅಲ್ಲಿ ಮೊದಲ ಅವಕಾಶ ಸಿಗಬೇಕು.