ಕ್ಷಮಾಯಾಚನೆಯ ದುರ್ವ್ಯಯ

“ಕ್ಷಮೆ ಕೇಳಿದರೆ ಗಂಟೇನು ಹೋಗುತ್ತದೆ?” ಎಂಬುದು ಈಗ ಶಿಷ್ಟಾಚಾರದ ಮೊದಲ ಪಾಠವೆನಿಸಿಕೊಂಡಿದೆ. ಮಾತು ಮೃದುವಾಗಿದೆ; ವಿಚಾರ ಮಾತ್ರ ಪೊಳ್ಳು. ಕೇಳುವವನ ಗಂಟು ಹೋಗದ ಕ್ಷಮೆಯಿಂದ ಕೇಳಿಸಿಕೊಂಡವನಿಗೆ ದಕ್ಕುವುದಾದರೂ ಏನು? ತಪ್ಪನ್ನು ತನ್ನದೆಂದು ಒಪ್ಪಿಕೊಂಡು, ಅದರಿಂದ ನೊಂದವರ ಮುಂದೆ ತನ್ನ ಅಭಿಮಾನವನ್ನು ಕಿಂಚಿತ್ತಾದರೂ ತೆತ್ತು, ಇನ್ನೊಮ್ಮೆ ಹಾಗೆ ನಡೆಯೆನೆಂಬ ಹೊಣೆಯನ್ನು ಹೊರುವುದೇ ಕ್ಷಮಾಯಾಚನೆಯ ತಿರುಳಾಗಿರುವಾಗ, ತಪ್ಪೇ ಇಲ್ಲದೆಡೆಯಲ್ಲಿ ಹೊತ್ತುಹೊತ್ತಿಗೂ ಅದನ್ನು ಉಚ್ಚರಿಸುವುದನ್ನು ವಿನಯವೆಂದು ನಾನು ಒಪ್ಪಲಾರೆನು. ಅದು ವಿವೇಕದ ಆಲಸ್ಯ.

ನಮ್ಮ ಮನೆಗಳ ಪಂಕ್ತಿಯನ್ನೇ ನೋಡಬಹುದು. ಬೆಳಗಿನಿಂದ ಒಲೆಯ ಮುಂದೆ ನಿಂತು, ಕೋಸಂಬರಿಯಿಂದ ಹೋಳಿಗೆಯವರೆಗೆ ಎಲೆ ತುಂಬ ಬಡಿಸಿದ ಗೃಹಿಣಿ, “ಏನೂ ಮಾಡೋದಕ್ಕಾಗಲಿಲ್ಲ, ಸಾರಿಗೆ ಉಪ್ಪು ಹೆಚ್ಚಾಯಿತೋ ಏನೋ, ತಪ್ಪು ತಿಳಿಯಬೇಡಿ” ಎನ್ನುತ್ತಾಳೆ. ಆ ದುಡಿಮೆಯಲ್ಲಿ ಪಾಲುಗೊಳ್ಳದ ಯಜಮಾನನು ಆತಿಥ್ಯದ ಕೀರ್ತಿಯನ್ನು ಮಾತ್ರ ಸ್ವೀಕರಿಸಿ ಸುಮ್ಮನಿರುತ್ತಾನೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕರೀನಾ ಶೂಮನ್ ಮತ್ತು ಮೈಕೇಲ್ ರಾಸ್ ಎಂಬ ಮನಶ್ಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಸ್ಮರಣೀಯ. ಸ್ತ್ರೀಯರು ಪುರುಷರಿಗಿಂತ ಹೆಚ್ಚು ಬಾರಿ ಕ್ಷಮೆ ಕೇಳಿದುದು ಅದರಲ್ಲಿ ಕಂಡುಬಂದಿತಾದರೂ, ತಪ್ಪೆಂದು ತಾವೇ ಎಣಿಸಿದ ವರ್ತನೆಗೆ ಕ್ಷಮೆ ಕೇಳಿದ ಪ್ರಮಾಣದಲ್ಲಿ ಇಬ್ಬರೂ ಸಮಾನರಾಗಿದ್ದರು; ಭೇದವಿದ್ದುದು ಯಾವುದನ್ನು ತಪ್ಪೆಂದು ಗಣಿಸಬೇಕೆಂಬ ತೀರ್ಮಾನದಲ್ಲಿ. ಆದಕಾರಣ ಈ ಅಭ್ಯಾಸವನ್ನು ನೀಗಿಕೊಳ್ಳಬಯಸುವವರು ನಾಲಗೆಯನ್ನು ಕಟ್ಟಿದರೆ ಸಾಲದು, ತೀರ್ಪನ್ನು ತಿದ್ದಿಕೊಳ್ಳಬೇಕು.

ಧೀರನಾದವನು ಯಾರ ಕ್ಷಮೆಯನ್ನೂ ಕೇಳನೆಂಬ ವಾದ ಶೌರ್ಯದ ವೇಷ ತೊಟ್ಟ ಒರಟುತನ. ಅದಕ್ಕೆ ಉತ್ತರ ಬೇಕಿಲ್ಲ. ಆದರೆ ಗಂಭೀರವಾದ ಆಕ್ಷೇಪವೊಂದುಂಟು. ಅರಿತೋ ಅರಿಯದೆಯೋ ಮಾಡಿದುದಕ್ಕೆಲ್ಲ ಸಮಸ್ತ ಜೀವರಾಶಿಯ ಕ್ಷಮೆ ಬೇಡುವ ಸಂಪ್ರದಾಯ ನಮ್ಮಲ್ಲಿಯೇ ಇರುವಾಗ, ಕ್ಷಮೆಗೆ ಮಿತಿ ವಿಧಿಸುವುದು ಕ್ಷುದ್ರತನವಲ್ಲವೇ? ಶ್ರವಣಬೆಳಗೊಳ, ಮೂಡುಬಿದಿರೆಗಳ ನಾಡಿನಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ದಿಗಂಬರ ಜೈನರ ದಶಲಕ್ಷಣ ಪರ್ವವು ಭಾದ್ರಪದ ಶುಕ್ಲ ಪಂಚಮಿಯಂದು ಉತ್ತಮ ಕ್ಷಮಾ ಧರ್ಮದಿಂದ ತೊಡಗಿ ಅನಂತ ಚತುರ್ದಶಿಗೆ ಮುಗಿದ ಬಳಿಕ ಕ್ಷಮಾವಾಣಿಯ ದಿನ ಬರುತ್ತದೆ. ಬಂಧುಮಿತ್ರರು ಪರಸ್ಪರ ಕ್ಷಮೆ ಕೇಳಿಕೊಳ್ಳುತ್ತಾರೆ. ಆ ಮಾತಿನ ಹಿಂದಿರುವ ಶಿಸ್ತನ್ನು ಗಮನಿಸಬೇಕು. ‘ಆಲೋಚನಾ’ ಎಂಬ ಕ್ರಮದಲ್ಲಿ ತನ್ನ ದೋಷಗಳನ್ನು ಬಿಡಿಬಿಡಿಯಾಗಿ ನಿವೇದಿಸಿಕೊಂಡು, ಪ್ರತಿಕ್ರಮಣದಲ್ಲಿ ಅವುಗಳಿಂದ ಹಿಂದಿರುಗಿ, ಪ್ರತ್ಯಾಖ್ಯಾನದಲ್ಲಿ ಅವನ್ನು ಮುಂದಕ್ಕೂ ತೊರೆಯುವ ಸಂಕಲ್ಪಗೈದವನ ಬಾಯಲ್ಲಿ ಆ ಯಾಚನೆಗೆ ತೂಕ ಬರುತ್ತದೆ. ಅಷ್ಟೇ ಅಲ್ಲ, ಸಾಧಕನು ಮೊದಲು ಸಕಲ ಜೀವಿಗಳನ್ನೂ ತಾನು ಕ್ಷಮಿಸಿ, ಅನಂತರವೇ ಅವುಗಳ ಕ್ಷಮೆಯನ್ನು ಕೋರುತ್ತಾನೆ. ಕೊಡಬಲ್ಲವನೇ ಅಲ್ಲಿ ಬೇಡುವವನು. ನಿತ್ಯವ್ಯವಹಾರದ ಅತಿಕ್ಷಮೆಯಲ್ಲಿ ದೋಷದ ಪರಿಶೀಲನೆಯೂ ಇಲ್ಲ, ಕೊಡುವ ಗಾಂಭೀರ್ಯವೂ ಇಲ್ಲ. ಮಾತುಮಾತಿಗೂ ಕ್ಷಮೆ ಬೇಡುವವನು ತಾನೇ ಬಾಗಿದಂತೆ ತೋರಿದರೂ, “ಛೆ ಛೆ, ಏನೂ ಆಗಿಲ್ಲ” ಎಂದು ಸಂತೈಸುವ ಕೆಲಸವನ್ನು ಎದುರಿನವನ ಮೇಲೆ ಹೊರಿಸುತ್ತಾನೆ.

ಇನ್ನೊಂದು ಆಕ್ಷೇಪ ಬಡವನದು. ತಾಲ್ಲೂಕು ಕಚೇರಿಯಲ್ಲಿ ತನ್ನದೇ ಜಮೀನಿನ ಪಹಣಿಯನ್ನು ಕೇಳಲು ಬಂದ ರೈತ “ತಪ್ಪು ತಿಳ್ಕೋಬೇಡಿ ಸ್ವಾಮಿ” ಎಂದೇ ಮಾತನ್ನಾರಂಭಿಸುತ್ತಾನೆ. ಅವನಿಗೆ ಆತ್ಮಗೌರವದ ಉಪದೇಶ ಮಾಡಲು ನನಗೆ ಬಾಯಿ ಬಾರದು. ಆ ಮಾತೇ ಅವನ ಕವಚ, ಅದನ್ನು ಕಳಚಿದರೆ ನಷ್ಟವಾಗುವುದು ಅವನಿಗೇ. ಅಲ್ಲಿ ಅಭ್ಯಾಸವನ್ನು ಬಿಡಬೇಕಾದವನು ಬೇಡಿಸಿಕೊಳ್ಳುವವನು. ಈ ಲೋಕದಲ್ಲಿ ಕ್ಷಮೆಯ ಹಂಚಿಕೆ ಎಷ್ಟು ವಕ್ರವಾಗಿದೆಯೆಂದರೆ, ದುರ್ಬಲನು ಇಲ್ಲದ ಅಪರಾಧಕ್ಕೆ ಕೈಮುಗಿಯುತ್ತಿರುವಾಗ, ಪ್ರಬಲನು ಇರುವ ಅಪರಾಧಕ್ಕೂ ಮಾತನ್ನು ತೂಗಿ ತೂಗಿ ಕೊಡುತ್ತಾನೆ. 1919ರಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ನಿರಾಯುಧ ಜನಸಮೂಹದ ಮೇಲೆ ಗುಂಡಿನ ಮಳೆಗರೆದು ಶತಮಾನ ತುಂಬಿದ 2019ರ ಏಪ್ರಿಲಿನಲ್ಲಿಯೂ, ಬ್ರಿಟಿಷ್ ಪ್ರಧಾನಿ ತೆರೇಸಾ ಮೇ ತಮ್ಮ ಸಂಸತ್ತಿನಲ್ಲಿ ವಿಷಾದವನ್ನು ಸೂಚಿಸಿದರೇ ಹೊರತು ಕ್ಷಮೆ ಯಾಚಿಸಲಿಲ್ಲ!

ಹಾಗಾದರೆ ಮಾಡತಕ್ಕದ್ದೇನು? ಮಾತು ಬಾಯಿಗೆ ಬರುವ ಮುನ್ನ, ಯಾರಿಗೆ ಯಾವ ಹಾನಿಯಾಯಿತು, ಅದನ್ನು ಸರಿಪಡಿಸುವ ಬಗೆ ಯಾವುದು ಎಂಬೆರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಉತ್ತರ ದೊರೆತರೆ ಒಂದೇ ಬಾರಿ, ನೆಪ ಹೂಡದೆ, ತಪ್ಪನ್ನು ಹೆಸರಿಸಿ ಕ್ಷಮೆ ಕೇಳಿ ಕೆಲಸಕ್ಕೆ ತೊಡಗಬೇಕು. ದೊರೆಯದಿದ್ದರೆ, ಕಾದವರಿಗೆ ಕೃತಜ್ಞತೆಯನ್ನು ಹೇಳಿದರಾಯಿತು, ಸಂದೇಹವನ್ನು ನೇರವಾಗಿ ಕೇಳಿದರಾಯಿತು, ಒಲ್ಲದ್ದನ್ನು ಒಲ್ಲೆನೆಂದರಾಯಿತು. ಮೊದಮೊದಲು ಇದು ಬಿಗುಮಾನದಂತೆ ಕಂಡೀತು. “ಏನಪ್ಪಾ, ಬಹಳ ಬದಲಾಗಿಬಿಟ್ಟೆ” ಎಂದು ಬಳಗದವರು ಮೂದಲಿಸಿಯಾರು. ಅದಕ್ಕೂ ಕ್ಷಮೆ ಕೇಳಬೇಕಾದ ಕಾರಣವನ್ನು ನಾನು ಕಾಣೆನು.